ಮೊಮ್ಮಗಳ ಕೈಬರಹ

ಐವತ್ತು ವರ್ಷ ಅಂಗಡಿ, ಬ್ಯಾಂಕು, ದವಾಖಾನೆಗಳಿಗೆಲ್ಲ ಬೋರ್ಡು ಬರೆದ ಮನುಷ್ಯನಿಗೆ ಓದಲು ಬರುವುದಿಲ್ಲ ಎಂದರೆ ಯಾರು ನಂಬುತ್ತಾರೆ? ಯಾರೂ ನಂಬುವುದಿಲ್ಲ. ಆ ಧೈರ್ಯದ ಮೇಲೆಯೇ ಬೋರ್ಡ್ ತಾತ ಇಷ್ಟು ಕಾಲ ತಳ್ಳಿದ್ದರು. ಗಿರಾಕಿ ಚೀಟಿಯಲ್ಲಿ ಬರೆದು ಕೊಟ್ಟದ್ದನ್ನು ನೋಡಿ ನೋಡಿ ತಗಡಿನ ಮೇಲೆ ಇಳಿಸುತ್ತಿದ್ದರು, ಬೇರೆಯವರು ಹೂವಿನ ಚಿತ್ರ ಬಿಡಿಸುವ ಹಾಗೆ. ಅಕ್ಷರದ ಹೊಟ್ಟೆ ಎಲ್ಲಿ ಉಬ್ಬಬೇಕು, ಬಾಲ ಎಲ್ಲಿ ಸಣ್ಣಗಾಗಬೇಕು, ನೆರಳು ಯಾವ ಕಡೆ ಬೀಳಬೇಕು ಎಂಬುದರಲ್ಲಿ ಅವರದು ಎತ್ತಿದ ಕೈ. ಆ ಅಕ್ಷರಗಳೆಲ್ಲ ಸೇರಿ ಏನು ಹೇಳುತ್ತವೆ ಎಂಬುದು ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಸಣ್ಣವರಿದ್ದಾಗ ಎರಡು ವರ್ಷ ಶಾಲೆಗೆ ಹೋಗಿ, ಅದರಲ್ಲಿ ಒಂದೂವರೆ ವರ್ಷ ಓದು ಬಾರದ ಶಿಕ್ಷೆಗೆ ಬಾಗಿಲ ಹೊರಗೆ ನಿಂತು, ಕೊನೆಗೆ ಬಣ್ಣದ ಅಂಗಡಿಗೆ ಓಡಿಹೋದವರು ಅವರು. ಬೋರ್ಡು ಮುಗಿದ ಮೇಲೆ ಹೆಂಡತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು, ಒಂದು ಸಲ ಓದಿ, "ಸರಿ ಇದೆ" ಎಂದ ಮೇಲೆಯೇ ಅದು ಮನೆ ಬಿಡುತ್ತಿತ್ತು. ಗುಟ್ಟು ಅವಳೊಬ್ಬಳಿಗೇ ಗೊತ್ತಿದ್ದದ್ದು. ಅವಳು ತೀರಿಕೊಂಡು ಆರು ವರ್ಷವಾಗಿತ್ತು. ಅಷ್ಟರಲ್ಲಿ ಯಂತ್ರದಲ್ಲಿ ಅಚ್ಚಾಗುವ ಬೋರ್ಡುಗಳು ಬಂದು ತಾತನ ಕುಂಚಗಳೂ ಡಬ್ಬಿ ಸೇರಿದ್ದರಿಂದ, ಇನ್ನು ಯಾರಿಗೂ ತಿಳಿಯುವ ಭಯವಿಲ್ಲ ಎಂದುಕೊಂಡಿದ್ದರು.

ಮನೆಯೆಂದರೆ ಮೂರನೇ ಮಹಡಿಯಲ್ಲಿ ಎರಡು ಕೋಣೆ, ಒಬ್ಬರು ನಿಂತರೆ ಇನ್ನೊಬ್ಬರು ತಿರುಗಲಾಗದ ಅಡುಗೆಮನೆ. ಮಗ ಬ್ರೆಡ್ ಫ್ಯಾಕ್ಟರಿಯ ವ್ಯಾನು ಓಡಿಸುತ್ತಿದ್ದ. ಬೆಳಗಿನ ಜಾವ ಮೂರಕ್ಕೆ ಹೋದವನು ಮಧ್ಯಾಹ್ನ ಎರಡಕ್ಕೆ ಬಂದು, ಎರಡು ತುತ್ತು ತಿಂದು, ಕೊರಡಿನ ಹಾಗೆ ಬಿದ್ದುಕೊಳ್ಳುತ್ತಿದ್ದ. ಸೊಸೆಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಿಸುವ ಕೆಲಸ. ಅವಳು ಮನೆ ಸೇರುವುದು ಸಂಜೆ ಏಳಕ್ಕೆ. ಹಾಗಾಗಿ ನಾಲ್ಕರಿಂದ ಏಳರವರೆಗೆ ಮನೆಯಲ್ಲಿ ಎಚ್ಚರವಾಗಿರುತ್ತಿದ್ದವರು ಇಬ್ಬರೇ, ತಾತ ಮತ್ತು ಮೊಮ್ಮಗಳು. ಹುಟ್ಟಿದಾಗ ಅಂಗೈಯಲ್ಲಿ ಹಿಡಿಸುವಷ್ಟೇ ಇದ್ದಳೆಂದು ಅಜ್ಜಿ ಅವಳನ್ನು ಜೀರಿಗೆ ಎಂದು ಕರೆದಿದ್ದಳು. ಒಂಬತ್ತು ತುಂಬಿದರೂ ಅದೇ ಉಳಿದಿತ್ತು.

ಜೀರಿಗೆಗೆ ಕಿವಿ ಎಂದರೆ ಕಿವಿ. ಒಮ್ಮೆ ಕೇಳಿದ್ದು ಮರೆಯುವ ಮಾತೇ ಇಲ್ಲ. ಮಿಸ್ಸು ತರಗತಿಯಲ್ಲಿ ಎರಡು ಸಲ ಓದಿದ ಪಾಠವನ್ನು ಮನೆಗೆ ಬಂದು, ಮಿಸ್ಸಿನ ಕೆಮ್ಮು ಸಮೇತ, ಉದ್ದಕ್ಕೂ ಒಪ್ಪಿಸುತ್ತಿದ್ದಳು. ಆದರೆ ಪುಸ್ತಕ ಮುಂದಿಟ್ಟರೆ ಅವಳ ಮುಖ ಬೇರೆಯಾಗುತ್ತಿತ್ತು. ಅಕ್ಷರಗಳು ನಿಲ್ಲುವುದಿಲ್ಲ, ಓಡಾಡುತ್ತವೆ ಎನ್ನುತ್ತಿದ್ದಳು. ಒಂದೂವರೆ ವರ್ಷದ ಹಿಂದೆ ಒಂದು ಮಧ್ಯಾಹ್ನ, ಹತ್ತು ಸಾಲು ಕಾಪಿ ಬರೆಯಲು ಎರಡು ಗಂಟೆ ಕೂತು, ಮೂರು ಸಾಲು ಬರೆದು, ಅದನ್ನೂ ಉಜ್ಜಿ ಉಜ್ಜಿ ಹಾಳೆ ತೂತಾಗಿ, ಮೇಜಿಗೆ ಹಣೆ ಚಚ್ಚಿಕೊಂಡು ಅಳುತ್ತಿದ್ದಳು. ತಾತನಿಗೆ ಅರವತ್ತು ವರ್ಷದ ಹಿಂದೆ ಬಾಗಿಲ ಹೊರಗೆ ನಿಂತ ಹುಡುಗನೇ ಎದುರಿಗೆ ಕೂತ ಹಾಗಿತ್ತು.

"ಕೊಡು ಇಲ್ಲಿ" ಎಂದು ಪೆನ್ಸಿಲು ತೆಗೆದುಕೊಂಡರು. "ನಾಳೆ ನೀನೇ ಬರಿಯೋವಂತೆ."

ನಾಳೆ ಬರಲೇ ಇಲ್ಲ. ಅಂದಿನಿಂದ ಕಾಪಿಯೂ ತಾತನದೇ, ಪ್ರಶ್ನೋತ್ತರವೂ ತಾತನದೇ. "ನಾಲ್ಕನೇ ಪಾಠ, ಒಂದರಿಂದ ಐದು" ಎಂದು ಜೀರಿಗೆ ಹೇಳಿದರೆ ಸಾಕು, ತಾತ ಅಂಕಿ ನೋಡಿಕೊಂಡು ಗೈಡಿನಲ್ಲಿ ಜಾಗ ಹುಡುಕಿ, ಅಲ್ಲಿದ್ದದ್ದನ್ನು ಇಲ್ಲಿಗೆ ಇಳಿಸಿಬಿಡುತ್ತಿದ್ದರು. ಅದೂ ತಮ್ಮ ಕೈಬರಹದಲ್ಲಲ್ಲ, ಅವಳ ಕೈಬರಹದಲ್ಲಿ. ಪೆನ್ಸಿಲನ್ನು ಮಕ್ಕಳ ಹಾಗೆ ಒತ್ತಿ ಹಿಡಿದು, ಸಾಲು ಬಲಕ್ಕೆ ಹೋಗುತ್ತ ಹೋಗುತ್ತ ಕೊಂಚ ಮೇಲಕ್ಕೆ ಹತ್ತುವಂತೆ, ಅಲ್ಲೊಂದು ಇಲ್ಲೊಂದು ಕಡೆ ರಬ್ಬರಿನ ಕಲೆ ಬಿಟ್ಟು. ಒಂದೆರಡು ತಪ್ಪನ್ನೂ ಸೇರಿಸೋಣವೆಂದು ಅನ್ನಿಸಿದ್ದುಂಟು. ಆದರೆ ತಪ್ಪು ಮಾಡಬೇಕಾದರೆ ಸರಿ ಯಾವುದೆಂದು ತಿಳಿದಿರಬೇಕಲ್ಲ, ಆ ಆಸೆ ಬಿಟ್ಟರು. ಕುಂಚ ಮೂಲೆ ಸೇರಿದ ಮೇಲೆ ಬೆರಳಿಗೆ ಕೆಲಸ ಸಿಕ್ಕ ಖುಷಿಯೂ ಅದರಲ್ಲಿತ್ತು ಎಂಬುದನ್ನು ಮುಚ್ಚಿಡುವುದು ಬೇಡ.

"ಯಾರಿಗೂ ಹೇಳ್ಬೇಡ. ಅಮ್ಮಂಗೂ ಹೇಳ್ಬೇಡ" ಎಂದಿದ್ದರು. ಜೀರಿಗೆ ತಾತನ ತೋಳಿನ ಮೇಲೆ ಕೈಯಿಟ್ಟು ಆಣೆ ಮಾಡಿದ್ದಳು.

ಶಾಲೆಯಿಂದ ಕರೆ ಬಂದಾಗ ಸೊಸೆ ಅರ್ಧ ದಿನ ರಜೆ ಹಾಕಿ ಹೋಗಿಬಂದಳು. ಅಂದು ರಾತ್ರಿ ಊಟಕ್ಕೆ ಬೇಯಿಸಿದ ಮೊಟ್ಟೆ, ಮಗ ತಂದ ಬ್ರೆಡ್ಡು. ಸೊಸೆ ಮೊಟ್ಟೆ ಸುಲಿಯುತ್ತ ಸುಲಿಯುತ್ತ ಹೇಳಿದಳು. ಅವಳ ದನಿಯಲ್ಲಿ ಬಹಳ ದಿನದ ಮೇಲೆ ಜೀವವಿತ್ತು.

"ಬರೋ ವರ್ಷದಿಂದ ಶಾಲೆಗೆ ಬೇರೆ ಟೀಚರ್ ಒಬ್ರು ಬರ್ತಾರಂತೆ. ಓದೋದು ಬರಿಯೋದು ಕಷ್ಟ ಆಗೋ ಮಕ್ಕಳಿಗೇ ಅಂತ. ಅದಕ್ಕೇ ಕಲಿತು ಬಂದಿರ್ತಾರೆ. ದಿನಾ ಒಂದು ಗಂಟೆ ಬೇರೆ ಕೂರಿಸ್ಕೊಂಡು ಹೇಳ್ಕೊಡ್ತಾರೆ. ಪರೀಕ್ಷೇಲಿ ಪ್ರಶ್ನೆ ಓದಿ ಹೇಳ್ತಾರೆ, ಜಾಸ್ತಿ ಹೊತ್ತು ಕೊಡ್ತಾರೆ. ಎಂಟೇ ಸೀಟು."

"ಇಲ್ದಿದ್ರೆ?" ಎಂದ ಮಗ.

"ಇಲ್ದಿದ್ರೆ ಮತ್ತೆ ಮೂರನೇ ಕ್ಲಾಸು. ಅದರಲ್ಲೂ ಹೀಗೇ ಆದ್ರೆ ನಮ್ಮ ಶಾಲೇಲಿ ಇಟ್ಕೊಳೋದು ಕಷ್ಟ ಅಂದ್ರು." ಅವಳು ಮೊಟ್ಟೆಯನ್ನು ಎರಡು ಹೋಳು ಮಾಡಿ ದೊಡ್ಡದನ್ನು ಮಗಳ ತಟ್ಟೆಗೆ ಹಾಕಿದಳು. "ಕಮಿಟಿ ಇದೆಯಂತೆ, ಅವರು ಆರಿಸ್ತಾರೆ. ಆರು ತಿಂಗಳ ನೋಟ್‌ಬುಕ್ಕು ಕೊಡ್ಬೇಕು. ಮಗು ತನ್ನ ಕೈಯಾರೆ ಬರೆದಿದ್ದು. ಅದನ್ನ ನೋಡಿ ಎಲ್ಲಿ ತೊಂದ್ರೆ ಅಂತ ಕಂಡುಹಿಡೀತಾರೆ."

ತಾತ ಕೈಯಲ್ಲಿದ್ದ ಬ್ರೆಡ್ಡನ್ನು ತಟ್ಟೆಗೆ ಹಾಕಿದರು. ಎದ್ದು ಹೋಗಿ ನೀರು ಕುಡಿದರು.

ಭಾನುವಾರ ಮಗನಿಗೆ ರಜೆ. ಸೊಸೆ ನೋಟ್‌ಬುಕ್ಕುಗಳನ್ನೆಲ್ಲ ತಂದು ಮೇಜಿನ ಮೇಲೆ ಹರಡಿದಳು. ಇಬ್ಬರೂ ಒಂದೊಂದನ್ನೇ ತೆರೆದರು. ಪುಟ ತಿರುಗಿಸಿದಷ್ಟೂ ಮಗನ ಹುಬ್ಬು ಗಂಟಾಗುತ್ತ ಹೋಯಿತು.

"ಏನೇ ಇದು? ಒಂದಕ್ಷರ ಬಿಟ್ಟಿಲ್ಲ. ಒಂದು ತಪ್ಪಿಲ್ಲ."

"ನಾನೂ ಅದೇ ಯೋಚನೆ ಮಾಡ್ತಿದೀನಿ. ಮಿಸ್ಸೂ ಹಾಗೇ ಅಂದ್ರು. ಮನೇಲಿ ಇಷ್ಟು ಚೆನ್ನಾಗಿ ಬರೀತಾಳೆ, ಕ್ಲಾಸಲ್ಲಿ ಪೆನ್ಸಿಲ್ ಎತ್ತಲ್ಲ, ಪರೀಕ್ಷೇಲಿ ಖಾಲಿ ಹಾಳೆ ಕೊಡ್ತಾಳೆ ಅಂತ."

"ಅಂದ್ರೆ ಸೊಕ್ಕು" ಎಂದ ಮಗ. "ನಮ್ಮ ಮನೇಲಿ ಅಕ್ಷರಕ್ಕೆ ಸೋತವರು ಯಾರೂ ಇಲ್ಲ. ನಮ್ಮಪ್ಪ ಊರಿಗೇ ಅಕ್ಷರ ಬರೆದವನು. ಜೀರಿಗೆ, ಬಾ ಇಲ್ಲಿ. ಕೂತ್ಕೋ. ಇದೇ ಪುಟ, ಮೊದಲನೇ ಸಾಲು, ನನ್ನೆದುರಿಗೆ ಬರಿ."

ಜೀರಿಗೆ ಕೂತಳು. ಪೆನ್ಸಿಲು ಹಿಡಿದಳು. ಒಂದು ಗೆರೆ ಎಳೆದಳು, ನಿಲ್ಲಿಸಿದಳು. ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು.

"ಬರಿಯೇ!"

ಅವಳು ಬರೆಯಲಿಲ್ಲ. ತಲೆ ಎತ್ತಿ ಒಂದೇ ಒಂದು ಸಲ ತಾತನ ಕಡೆ ನೋಡಿ, ಮತ್ತೆ ತಗ್ಗಿಸಿದಳು. ಮಗನ ಕೈ ಎದ್ದಿತು. ಏಟು ಕೆನ್ನೆಗೆ ಬಿದ್ದ ಶಬ್ದಕ್ಕೆ ಸೊಸೆ "ಅಯ್ಯೋ, ಬೇಡ ರೀ!" ಎಂದು ನಡುವೆ ಬಂದಳು. ತಾತ ಕುರ್ಚಿಯಿಂದ ಎದ್ದರು. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಎದ್ದವರು ನೇರ ಅಡುಗೆಮನೆಗೆ ಹೋಗಿ, ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ, ಅದರ ಮೇಲೇ ಕೈಯಿಟ್ಟುಕೊಂಡು ನಿಂತುಬಿಟ್ಟರು.

ಮರುದಿನ ಮಧ್ಯಾಹ್ನ ಶಾಲೆಯಿಂದ ಬಂದ ಜೀರಿಗೆ ಚೀಲ ಇಳಿಸಿ ಪಿಸುಗುಟ್ಟಿದಳು. "ತಾತ, ನಾನು ಹೇಳ್ಲಿಲ್ಲ."

"ಗೊತ್ತು ಕಣೇ."

"ಅಪ್ಪ ಹೊಡೆದ್ರೂ ಹೇಳ್ಲಿಲ್ಲ."

ತಾತ ಬ್ರೆಡ್ಡಿಗೆ ಸಕ್ಕರೆ ಉದುರಿಸಿ ಕೊಟ್ಟರು. ಅವಳು ತಿನ್ನುತ್ತ, "ಇವತ್ತು ಆರನೇ ಪಾಠ, ಒಂದರಿಂದ ಮೂರು" ಎಂದಳು. ತಾತ ಬರೆದುಕೊಟ್ಟರು. ನಾಚಿಕೆಗೇಡು, ಆದರೆ ಬರೆದುಕೊಟ್ಟರು.

ಆಮೇಲಿನ ಹದಿನೈದು ದಿನ ಆ ಮನೆಯಲ್ಲಿ ಯಾರ ಮುಖವನ್ನು ಯಾರೂ ನೆಟ್ಟಗೆ ನೋಡಲಿಲ್ಲ. ಮಗ ಟಿವಿಯ ವೈರು ಕಿತ್ತು ಬೀರುವಿನಲ್ಲಿಟ್ಟ. ಜೀರಿಗೆ ಆಟಕ್ಕೆ ಇಳಿಯುವಂತಿಲ್ಲ, ಊಟದ ಹೊತ್ತಿಗೆ ಮಾತಾಡುವಂತಿಲ್ಲ. ಗಂಡ ಹೆಂಡತಿ ಅಡುಗೆಮನೆಯಲ್ಲಿ ಗುಸುಗುಸು ಜಗಳವಾಡುತ್ತಿದ್ದರು, ಮಗಳಿಗೆ ಕೇಳಿಸಬಾರದೆಂದು. ಆ ಮಗಳಿಗೆ ಪಕ್ಕದ ಮನೆಯ ಗಡಿಯಾರವೂ ಕೇಳಿಸುತ್ತದೆಂದು ಇಬ್ಬರಿಗೂ ಮರೆತುಹೋಗಿತ್ತು.

"ನೀವು ತಲೆ ಮೇಲೆ ಕೂರಿಸ್ಕೊಂಡಿದ್ದೇ ತಪ್ಪು."

"ನಾನೋ ನೀನೋ? ದೊಡ್ಡ ಹೋಳು ಯಾರ ತಟ್ಟೆಗೆ ಹೋಗುತ್ತೆ?"

"ಮೊಟ್ಟೆಗೂ ಲೆಕ್ಕ ಹಾಕ್ತೀರಲ್ಲ, ನಿಮಗೆ ಏನು ಹೇಳೋದು!"

ಗುರುವಾರ ಸೊಸೆಗೆ ವಾರದ ರಜೆ. ಬಾಲ್ಕನಿಯಲ್ಲಿ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ತಾತ ಕುಂಚದ ಡಬ್ಬಿ ತೆರೆದು ಸುಮ್ಮನೆ ಒರೆಸುತ್ತಿದ್ದರು.

"ಮಾವ, ಅರ್ಜಿ ಕೊಡೋದು ಬೇಡ ಅಂತ ತೀರ್ಮಾನ ಮಾಡಿದೀನಿ" ಎಂದಳು ಸೊಸೆ. "ನಾಳೆ ಕೊನೇ ದಿನ. ಇವಳು ಕಳ್ಳಾಟ ಆಡ್ತಿರೋವಾಗ ನಿಜವಾಗ್ಲೂ ಕಷ್ಟ ಇರೋ ಮಗೂದು ಜಾಗ ಕಿತ್ಕೊಳೋದು ಯಾಕೆ? ಪಾಪ ಅಂತ ಒಂದಿದೆಯಲ್ಲ."

ತಾತ ಕುಂಚವನ್ನು ಡಬ್ಬಿಗೆ ಹಾಕಿದರು.

"ಅವಳಲ್ಲ" ಎಂದರು.

"ಏನು ಅವಳಲ್ಲ?"

"ನೋಟ್‌ಬುಕ್ಕು. ಅವಳು ಬರ್ದಿದ್ದಲ್ಲ. ನಾನು ಬರ್ದಿದ್ದು."

ಸೊಸೆಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಚಾಕುವನ್ನು ನಿಧಾನವಾಗಿ ನೆಲದ ಮೇಲಿಟ್ಟಳು. "ಎಲ್ಲಾನೂ?"

"ಒಂದೂವರೆ ವರ್ಷದಿಂದ."

"ಅವಳ ಕೈಬರಹದಲ್ಲಿ?"

"ಹೂಂ."

ಅವಳು ನೆಲದ ಮೇಲಿನ ಸಿಪ್ಪೆಗಳನ್ನೆಲ್ಲ ಒಂದೆಡೆ ಬಳಿದಳು. ಬೈದಿದ್ದರೆ ತಾತನಿಗೆ ಹಗುರಾಗುತ್ತಿತ್ತು. ಕೊನೆಗೆ ಬಂದ ಮಾತು ಇಷ್ಟೇ: "ಅವತ್ತು ಅವಳಿಗೆ ಏಟು ಬಿದ್ದಾಗ ನೀವು ನಲ್ಲಿ ನಿಲ್ಸೋಕೆ ಹೋದ್ರಿ, ಮಾವ."

ತಾತ ಎಲ್ಲ ಹೇಳಿದ್ದರು, ಒಂದನ್ನು ಬಿಟ್ಟು. ತಮಗೆ ಓದಲು ಬರುವುದಿಲ್ಲ ಎಂಬುದನ್ನು ಹೇಳಲಿಲ್ಲ. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ತಮ್ಮನ್ನು ತಾವೇ ನಂಬಿಸಿಕೊಂಡರು.

ಸೊಸೆ ಅರ್ಜಿ ಕೊಟ್ಟು ಬಂದಳು. ಮಗನಿಗೆ ಅವಳೇ ಹೇಳಿದಳು. ಅವನು ವ್ಯಾನಿನಲ್ಲಿ ಉಳಿದಿದ್ದ ಕ್ರೀಮ್ ಬನ್ನು ತಂದು ಮಗಳ ಮುಂದಿಟ್ಟು, ಕೆನ್ನೆ ಸವರಲು ಕೈ ಎತ್ತಿದ. ಜೀರಿಗೆ ತಟ್ಟನೆ ಕಣ್ಣು ಮುಚ್ಚಿ ಕುತ್ತಿಗೆ ಒಳಗೆಳೆದುಕೊಂಡಳು. ಅವನು ಎತ್ತಿದ ಕೈಯನ್ನು ಹಾಗೆಯೇ ಇಳಿಸಿ, ಬಚ್ಚಲಿಗೆ ಹೋಗಿ, ಬಾಗಿಲು ಹಾಕಿಕೊಂಡು ಬಹಳ ಹೊತ್ತು ಹೊರಗೆ ಬರಲಿಲ್ಲ.

ನಾಲ್ಕು ದಿನ ಸೊಸೆ ತಾತನ ತಟ್ಟೆಗೆ ಮಾತಿಲ್ಲದೆ ಬಡಿಸಿದಳು. ಐದನೇ ದಿನ ಚಹಾ ಮುಂದಿಟ್ಟು, ನಿಂತೇ ಹೇಳಿದಳು. "ಬುಧವಾರ ಹನ್ನೊಂದಕ್ಕೆ ಕಮಿಟಿ ಕರೆದಿದೆ. ನನಗೆ ಇನ್ನು ರಜೆ ಕೊಡಲ್ಲ, ಮೇಸ್ತ್ರಿ ಮುಖಕ್ಕೆ ಹೊಡೆದ ಹಾಗೆ ಹೇಳಿದಾನೆ. ಇವರಿಗೆ ಆ ಹೊತ್ತಲ್ಲಿ ಬಿಡುವಿಲ್ಲ. ನೀವೇ ಅವಳನ್ನ ಕರ್ಕೊಂಡು ಹೋಗ್ಬೇಕು. ಅವರೆದುರಿಗೇ ಬರೆದು ತೋರ್ಸಿ. ಇದು ನನ್ನ ಕೈ, ಮಗೂದಲ್ಲ ಅಂತ ಹೇಳಿ. ಅಷ್ಟು ಮಾಡ್ಬಿಡಿ ಮಾವ, ನಾನು ಇದರ ಬಗ್ಗೆ ಮತ್ತೆ ಒಂದು ಮಾತೂ ಎತ್ತಲ್ಲ."

"ಅಷ್ಟೇ ತಾನೇ? ಮಾಡ್ತೀನಿ" ಎಂದರು ತಾತ. ಬರೆಯುವುದೆಂದರೆ ಅವರಿಗೇನು ಭಯ?

ಬುಧವಾರ ಸೊಸೆ ಹೋಗುವ ಮುಂಚೆ ಅವರ ಬಿಳಿ ಅಂಗಿಗೆ ಇಸ್ತ್ರಿ ಹಾಕಿ ಇಟ್ಟಿದ್ದಳು. ಜೇಬಿಗೆ ಕನ್ನಡಕವನ್ನೂ ಸಿಕ್ಕಿಸಿದ್ದಳು.

ಹೆಡ್ ಮೇಡಂ ಕೋಣೆಯ ಹೊರಗಿನ ಬೆಂಚಿನಲ್ಲಿ ಹತ್ತು ಹನ್ನೆರಡು ಸಂಸಾರಗಳು ಕೂತಿದ್ದವು. ಒಬ್ಬೊಬ್ಬರ ಮಡಿಲಲ್ಲೂ ನೋಟ್‌ಬುಕ್ಕಿನ ಕಟ್ಟು. ಎಂಟು ಸೀಟು ಎಂಬುದು ಎಲ್ಲರಿಗೂ ಗೊತ್ತಿದ್ದರಿಂದ ಯಾರೂ ಯಾರೊಡನೆಯೂ ಹೆಚ್ಚು ಮಾತಾಡುತ್ತಿರಲಿಲ್ಲ. ಒಳಗೆ ಹೆಡ್ ಮೇಡಂ, ಇಲಾಖೆಯಿಂದ ಬಂದ ಒಬ್ಬ ಅಧಿಕಾರಿ, ಮೂಲೆಯಲ್ಲಿ ಗುಮಾಸ್ತೆ.

ತಾತ ನಿಂತೇ ಎಲ್ಲ ಹೇಳಿದರು. ಅಧಿಕಾರಿ ನಕ್ಕರು. "ಏನಜ್ಜ, ಮೊಮ್ಮಗಳಿಗೆ ಸೀಟು ಬೇಕು ಅಂತ ಕಥೆ ಕಟ್ತಿದೀರಾ? ಇದು ಮಗೂದೇ ಬರಹ."

"ಒಂದು ಹಾಳೆ ಕೊಡಿ ಸ್ವಾಮಿ."

ಪಠ್ಯಪುಸ್ತಕ ತೆರೆದು ಒಂದು ಪುಟ ಮುಂದಿಟ್ಟರು. ತಾತ ಪೆನ್ಸಿಲು ಒತ್ತಿ ಹಿಡಿದು, ತುಟಿ ಕಚ್ಚಿ, ನಾಲ್ಕು ಸಾಲು ಇಳಿಸಿದರು. ಸಾಲು ಬಲಕ್ಕೆ ಹೋಗುತ್ತ ಹೋಗುತ್ತ ಕೊಂಚ ಮೇಲಕ್ಕೆ ಹತ್ತಿತು. ಗುಮಾಸ್ತೆಯೂ ಎದ್ದು ಬಂದು ಬಗ್ಗಿ ನೋಡಿದ. ಹೆಡ್ ಮೇಡಂ ನೋಟ್‌ಬುಕ್ಕನ್ನು ಹಾಳೆಯ ಪಕ್ಕಕ್ಕಿಟ್ಟು, "ಅಬ್ಬಾ" ಎಂದರು. ತಾತನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇಷ್ಟಕ್ಕೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು!

"ಹಾಗಾದ್ರೆ ಮನೇಲಿ ಪಾಠ ಹೇಳ್ಕೊಡೋರೂ ನೀವೇ" ಎಂದರು ಹೆಡ್ ಮೇಡಂ, ಪುಸ್ತಕವನ್ನು ಮುಂದಕ್ಕೆ ತಳ್ಳುತ್ತ. "ದಿನಾ ಹೇಗೆ ಓದಿ ಹೇಳ್ತೀರೋ ಹಾಗೇ ಒಂದು ಪ್ಯಾರಾ ಓದಿ ಅಜ್ಜ. ಮಗು ಹೇಗೆ ಅನುಸರಿಸ್ತಾಳೆ ಅಂತ ನೋಡ್ಕೋತೀನಿ. ಪುಟ್ಟಿ, ತಾತನ ಹತ್ರ ನಿಂತ್ಕೋ."

ತಾತ ಪುಸ್ತಕ ಕೈಗೆತ್ತಿಕೊಂಡರು. ಪುಟದ ಮೇಲೆ ಅರ್ಧದಷ್ಟು ಚಿತ್ರ: ಒಂದು ಗಾಣ, ಅದಕ್ಕೆ ಕಟ್ಟಿದ ಕತ್ತೆ. ಕೆಳಗೆ ಸಾಲು ಸಾಲಾಗಿ ಅಕ್ಷರ. ಎಲ್ಲವೂ ಚಂದ, ಎಲ್ಲವೂ ಗುಂಡಗೆ, ಒಂದೂ ಬಾಯಿ ಬಿಡದು.

"ಕನ್ನಡಕ ತಂದಿಲ್ಲ" ಎಂದರು.

"ಜೇಬಲ್ಲಿ ಕಾಣ್ತಿದೆಯಲ್ಲ" ಎಂದರು ಅಧಿಕಾರಿ.

ತಾತ ಕನ್ನಡಕ ಹಾಕಿಕೊಂಡರು. ಗಂಟಲು ಸರಿಮಾಡಿಕೊಂಡರು. ಗುಮಾಸ್ತೆ ತಲೆ ಎತ್ತಿ ನೋಡಿದ. ಇನ್ನೊಂದು ಗಳಿಗೆ ಹೀಗೇ ನಿಂತರೆ ಈ ಮೂವರಿಗೂ ತಿಳಿಯುತ್ತದೆ, ಸಂಜೆಯೊಳಗೆ ಸೊಸೆಗೆ, ಮಗನಿಗೆ, ಆಮೇಲೆ ಬೀದಿಗೆ.

ಆಗ ಅವರ ಮೊಣಕೈಯ ಬಳಿ ಒಂದು ಪುಟ್ಟ ಬೆರಳು ಬಂದು ಮೊದಲನೇ ಸಾಲಿನ ಕೆಳಗೆ ನಿಂತಿತು.

"ಬೆಟ್ಟದ ಕೆಳಗೆ ಒಂದು ಗಾಣ ಇತ್ತು" ಎಂದು ಜೀರಿಗೆ ಓದತೊಡಗಿದಳು. "ಗಾಣದವನ ಬಳಿ ಒಂದು ಮುದಿ ಕತ್ತೆ ಇತ್ತು. ಅದಕ್ಕೆ ಕಣ್ಣು ಕಾಣುತ್ತಿರಲಿಲ್ಲ. ಆದರೂ ಅದು ದಿನವೂ ಗಾಣ ಸುತ್ತುತ್ತಿತ್ತು. ದಾರಿ ತಪ್ಪುತ್ತಿರಲಿಲ್ಲ..."

ಗಂಟೆ ಬಾರಿಸಿದಂಥ ದನಿ. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ಎಲ್ಲಿ ಏರಬೇಕೋ ಅಲ್ಲಿ ಏರಿ. ಚಿತ್ರ ನೋಡಿ ಪಾಠ ಯಾವುದೆಂದು ಗುರುತಿಸಿ, ಕಿವಿಯಲ್ಲಿ ಇಟ್ಟುಕೊಂಡದ್ದನ್ನು ಒಪ್ಪಿಸುತ್ತಿದ್ದಾಳೆಂದು ತಾತನಿಗೆ ಗೊತ್ತು. ಕತ್ತೆಗೆ ಹುಲ್ಲು ಹಾಕುವಷ್ಟು ದೂರ ಕಥೆ ಹೋಗಿದ್ದರೂ ಬೆರಳು ಇನ್ನೂ ಎರಡನೇ ಸಾಲಿನಲ್ಲೇ ಇತ್ತು. ಮೇಜಿನ ಆಚೆ ಕೂತವರಿಗೆ ಅದು ಕಾಣುವಂತಿರಲಿಲ್ಲ.

"ಶಭಾಷ್!" ಎಂದರು ಅಧಿಕಾರಿ. "ಇದೇನು ಮೇಡಂ, ನನ್ನ ಮಗನಿಗಿಂತ ಚೆನ್ನಾಗಿ ಓದ್ತಾಳೆ."

ಹೆಡ್ ಮೇಡಂಗೆ ಸಮಾಧಾನವಿರಲಿಲ್ಲ. ಗಡಿಯಾರ ನೋಡಿದರು, ಬಾಗಿಲ ಆಚೆಗಿನ ಬೆಂಚು ನೋಡಿದರು. ಆಮೇಲೆ ತಾತನನ್ನೇ ಕೇಳಿದರು. "ಏನಜ್ಜ, ಮನೇಲೂ ಹೀಗೇ ಓದ್ತಾಳಾ?"

ಒಂದೇ ಪ್ರಶ್ನೆ. ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಇಲ್ಲ ಎಂದರೆ, ಹಾಗಾದರೆ ನೀವು ಓದಿ ಎಂದು ಪುಸ್ತಕ ಮತ್ತೆ ತಮ್ಮ ಕಡೆಗೇ ತಿರುಗುತ್ತದೆ. ಆ ಕ್ಷಣದಲ್ಲಿ ತಾತನಿಗೆ ಮೊಮ್ಮಗಳು ನೆನಪಾಗಲಿಲ್ಲ, ಸೊಸೆ ನೆನಪಾಗಲಿಲ್ಲ. ಬಾಗಿಲ ಹೊರಗೆ ನಿಂತ ಹುಡುಗನೊಬ್ಬನೇ ನೆನಪಾದ.

"ಓದ್ತಾಳೆ" ಎಂದರು.

ಅಧಿಕಾರಿ ಬರೆದುಕೊಂಡರು. "ನೋಡಿ ಅಜ್ಜ, ಮಗೂಗೆ ತೊಂದ್ರೆ ಇಲ್ಲ, ನಿಮ್ಮಿಂದಲೇ ಕೈಗೆ ಸೋಮಾರಿತನ ಬಂದಿದೆ. ಬರೆದುಕೊಡೋದು ನಿಲ್ಸಿ, ಎಲ್ಲ ಸರಿಹೋಗುತ್ತೆ. ಮುಂದಿನವರನ್ನ ಕಳ್ಸಿ."

ಬೀದಿಗೆ ಬಂದ ಮೇಲೆ ಜೀರಿಗೆ ತಾತನ ಕೈ ಹಿಡಿದು ಕುಣಿಯುತ್ತ ನಡೆದಳು. ಇಷ್ಟು ದಿನದ ಮೇಲೆ ಅವಳ ಮುಖದಲ್ಲಿ ನಗು ಇತ್ತು.

"ತಾತ, ನಾನು ಸರಿಯಾಗಿ ಹೇಳ್ಕೊಟ್ನಾ?"

"ಏನು?"

"ನಿಂಗೆ ಓದೋಕೆ ಬರಲ್ಲ ಅಂತ ಅವರಿಗೆ ಗೊತ್ತಾಗ್ಲಿಲ್ಲ, ಅಲ್ವಾ?"

ತಾತ ನಿಂತುಬಿಟ್ಟರು. "ನಿಂಗೆ ಯಾರೇ ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ಕಥೆ ಪುಸ್ತಕ ಓದು ಅಂದ್ರೆ ನೀನು ಅದೇ ಪುಟಕ್ಕೆ ದಿನಾ ಬೇರೆ ಬೇರೆ ಕಥೆ ಹೇಳ್ತಿದ್ದೆ. ನಾನು ಯುಕೇಜಿಲಿದ್ದಾಗಿಂದ ಗೊತ್ತು. ಯಾರಿಗೂ ಹೇಳಿಲ್ಲ." ಅವಳು ಕೈ ಜಗ್ಗಿದಳು. "ಬಾ ತಾತ, ಬಿಸಿಲು."

ಅವರು ಅವಳನ್ನು ಅಲ್ಲಿಯೇ ತಿರುಗಿಸಿಕೊಂಡು ಶಾಲೆಗೆ ವಾಪಸು ಹೋಗಬಹುದಿತ್ತು. ಬೆಂಚಿನಲ್ಲಿ ಇನ್ನೂ ಆರು ಸಂಸಾರಗಳಾದರೂ ಕೂತಿದ್ದವು, ಪಟ್ಟಿಗೆ ಸಹಿ ಬಿದ್ದಿರಲಿಲ್ಲ. ಹೋಗಲಿಲ್ಲ. ಅದನ್ನು ತಾತ ಸಾಯುವವರೆಗೂ ಮರೆಯುವಂತಿಲ್ಲ.

ಸಂಜೆ ಸೊಸೆ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದದ್ದು ಏದುಸಿರಿನಲ್ಲೇ ತಿಳಿಯುತ್ತಿತ್ತು. ಚೀಲವನ್ನೂ ಇಳಿಸದೆ, "ಏನಂದ್ರು?" ಎಂದು ಕೇಳಿದಳು.

"ಅಮ್ಮಾ, ಶಭಾಷ್ ಅಂದ್ರು!" ಎಂದು ಜೀರಿಗೆ ಓಡಿಬಂದು ಅವಳ ಸೊಂಟ ತಬ್ಬಿಕೊಂಡಳು. "ನಾನು ಕತ್ತೆ ಪಾಠ ಪೂರ್ತಿ ಓದ್ದೆ. ಎಲ್ಲರೂ ನನ್ನೇ ನೋಡ್ತಿದ್ರು."

ಸೊಸೆ ಮಗಳ ತಲೆಯ ಮೇಲಿಂದ ತಾತನನ್ನು ನೋಡಿದಳು. ಮಗನೂ ಎದ್ದು ಬಾಗಿಲಿಗೆ ಬಂದಿದ್ದ. ತಾತ ಗೋಡೆಗೆ ಒರಗಿ ನಿಂತರು.

"ಅವಳು ಓದ್ಲಿಲ್ಲ ಕಣಮ್ಮ. ಬಾಯಿಪಾಠ ಒಪ್ಪಿಸಿದ್ಲು. ನನ್ನನ್ನ ಓದು ಅಂದ್ರು. ನನಗೆ..." ಗೋಡೆ ಬಿಟ್ಟು ನೆಟ್ಟಗೆ ನಿಂತರು. "ನನಗೆ ಓದೋಕೆ ಬರಲ್ಲ. ಯಾವತ್ತೂ ಬಂದಿಲ್ಲ. ನನ್ನ ಮಾನ ಉಳ್ಸೋಕೆ ಅವಳು ಓದಿದ್ಲು. ನಾನು ಸುಮ್ನಿದ್ದೆ. ಅವರು ಕೇಳಿದ್ರೂ ಹೌದು ಅಂದೆ."

"ಅಪ್ಪ, ಏನು ಹೇಳ್ತಿದೀಯ ನೀನು?" ಎಂದ ಮಗ. "ನೀನು ಊರಿಗೆಲ್ಲ ಬೋರ್ಡು..."

"ಅದೆಲ್ಲ ಚಿತ್ರ ಕಣೋ" ಎಂದರು ತಾತ.

ಮಗ ಅಲ್ಲಿಯೇ ಹೊಸ್ತಿಲ ಮೇಲೆ ಕುಳಿತ. ಸೊಸೆ ಅಳಲಿಲ್ಲ, ಕೂಗಲಿಲ್ಲ. ಮಗಳ ಕೂದಲು ಸವರುತ್ತಲೇ ಇದ್ದಳು. "ಅಮ್ಮಾ, ನಾನು ತಪ್ಪು ಮಾಡಿದ್ನಾ?" ಎಂದು ಜೀರಿಗೆ ಕೇಳಿದಾಗ ಮಾತ್ರ ಅವಳ ಮುಖ ಒಡೆಯಿತು. "ಇಲ್ಲ ಕಂದ. ನೀನು ತುಂಬಾ ಚೆನ್ನಾಗಿ ಓದಿದೆ" ಎಂದು ಅವಳನ್ನು ಎತ್ತಿಕೊಂಡು ಒಳಗೆ ಹೋದಳು. ಒಂಬತ್ತು ವರ್ಷದ ಹುಡುಗಿಯ ಕಾಲು ಅವಳ ಮೊಣಕಾಲಿಗೆ ಬಡಿಯುತ್ತಿತ್ತು.

ಮರುದಿನ ಬೆಳಿಗ್ಗೆ ಸೊಸೆ ಸಂಬಳ ಹೋದರೆ ಹೋಗಲಿ ಎಂದು ತಾತನ ಜೊತೆ ಶಾಲೆಗೆ ನಡೆದಳು. ತಾತ ಹೆಡ್ ಮೇಡಂ ಎದುರಿಗೆ, ಗುಮಾಸ್ತೆಯ ಎದುರಿಗೆ, ಯಾವುದನ್ನೂ ಮುಚ್ಚಿಡದೆ ಹೇಳಿದರು. ಹೆಡ್ ಮೇಡಂ ಪೆನ್ನಿಗೆ ಮುಚ್ಚಳ ಹಾಕಿ ಕೆಳಗಿಟ್ಟರು.

"ಪಟ್ಟಿಗೆ ನಿನ್ನೆ ಮೂರು ಗಂಟೆಗೆ ಸಹಿ ಆಯ್ತು. ಸಾಹೇಬರು ತಗೊಂಡು ಹೋದ್ರು. ಎಂಟು ಹೆಸರೂ ತುಂಬಿದೆ." ಆಮೇಲೆ ಮೆಲ್ಲಗೆ, "ಅದಕ್ಕೆ ಒಂದು ಗಂಟೆ ಮುಂಚೆ ಬಂದಿದ್ರೂ ಆಗ್ತಿತ್ತು ಅಜ್ಜ" ಎಂದರು.

"ನಾನು ಬೇಕಾದ್ರೆ ಸಾಹೇಬರ ಕಾಲು ಹಿಡೀತೀನಿ."

"ಯಾವ ಮಗೂನ ತೆಗೀಲಿ ಹೇಳಿ? ಮುಂದಿನ ವರ್ಷ ಅರ್ಜಿ ಹಾಕಿ. ಆದ್ರೆ ನೋಟ್‌ಬುಕ್ಕು ಅವಳದೇ ಇರ್ಬೇಕು. ಒಂದಕ್ಷರ ಬರೆದ್ರೂ ಸರಿ, ಅವಳದೇ ಕೈ. ನೀವು ಮುಟ್ಟಬೇಡಿ."

ಮಾವ ಸೊಸೆ ಮನೆಯ ಕಡೆ ನಡೆದರು. ತಿರುವಿನಲ್ಲಿ ಔಷಧದ ಅಂಗಡಿಯ ಮೇಲೆ ತಾತ ಬರೆದ ಹಳೆಯ ಬೋರ್ಡೊಂದು ಇನ್ನೂ ಉಳಿದಿತ್ತು, ಮಾಸಿದ ನೀಲಿ, ಬಲಕ್ಕೆ ಬೀಳುವ ನೆರಳು. ಸೊಸೆ ಅದನ್ನು ತಲೆ ಎತ್ತಿ ನೋಡಿ ಮುಂದೆ ನಡೆದಳು. ತಾತ ನೋಡಲಿಲ್ಲ.

ರಜೆ ಮುಗಿದು ಶಾಲೆ ತೆರೆಯಿತು. ಜೀರಿಗೆಯ ಜೊತೆಯವರೆಲ್ಲ ಮೆಟ್ಟಿಲು ಹತ್ತಿ ನಾಲ್ಕನೇ ಕ್ಲಾಸಿಗೆ ಹೋದರು. ಅವಳು ಅದೇ ಕೋಣೆಯ ಅದೇ ಬೆಂಚಿನಲ್ಲಿ, ತನ್ನ ಭುಜಕ್ಕೆ ಬರುವ ಮಕ್ಕಳ ನಡುವೆ ಕೂತಳು. ಪಕ್ಕದ ಕೋಣೆಯಲ್ಲಿ ಹೊಸ ಟೀಚರ್ ಎಂಟು ಮಕ್ಕಳಿಗೆ ಮರಳಿನ ತಟ್ಟೆಯಲ್ಲಿ ಬೆರಳಿನಿಂದ ಅಕ್ಷರ ತಿದ್ದಿಸುತ್ತಾರಂತೆ, ನಗಿಸುತ್ತಾರಂತೆ. ಅದೆಲ್ಲ ಗೋಡೆಯಾಚೆಯಿಂದ ತನಗೆ ಕೇಳಿಸುತ್ತದೆಂದು ಅವಳೇ ಬಂದು ಹೇಳಿದಳು.

ಮಧ್ಯಾಹ್ನ ನಾಲ್ಕಕ್ಕೆ ಮೇಜಿನ ಮುಂದೆ ಇಬ್ಬರೂ ಕೂರುತ್ತಿದ್ದರು, ಮೊದಲಿನ ಹಾಗೆಯೇ. ಹೊಸ ನೋಟ್‌ಬುಕ್ಕು, ಹೊಸ ಪೆನ್ಸಿಲು. ಮೊದಲನೇ ದಿನ ಅವಳು ಮುಕ್ಕಾಲು ಗಂಟೆ ಹೆಣಗಿ ಒಂದು ಸಾಲು ಬರೆದಳು. ಅಕ್ಷರಗಳು ತಲೆಕೆಳಗಾಗಿ, ಒಂದರ ಮೇಲೊಂದು ಹತ್ತಿಕೊಂಡು, ಗೆರೆ ದಾಟಿ ಬಿದ್ದಿದ್ದವು. ಎರಡನೇ ಸಾಲಿನ ನಡುವೆ ಪೆನ್ಸಿಲಿನ ಮೊನೆ ಮುರಿಯಿತು. ಅವಳು ಪೆನ್ಸಿಲನ್ನು ತಾತನ ಕಡೆ ಚಾಚಿದಳು.

"ನೀನು ಬರಿ ತಾತ."

ತಾತ ಮೊನೆ ಹೆರೆದು ಪೆನ್ಸಿಲನ್ನು ವಾಪಸು ಅವಳ ಮುಂದಿಟ್ಟು, ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡರು. "ಇಲ್ಲ ಕಂದ. ನಾನು ಬರಿಯೋ ಹಾಗಿಲ್ಲ."

"ಒಂದೇ ಸಾಲು."

"ಒಂದಕ್ಷರಾನೂ ಇಲ್ಲ."

ಜೀರಿಗೆಯ ಕಣ್ಣು ತುಂಬಿತು. ಅವಳು ಕೋಪ ಮಾಡಿಕೊಳ್ಳಲಿಲ್ಲ. ನಿಜವಾಗಿ ಅರ್ಥವಾಗದವರು ಕೇಳುವ ಹಾಗೆ ಕೇಳಿದಳು.

"ನಿಂಗೆ ಓದೋಕೆ ಬರ್ದೇ ಇದ್ದಾಗ ನಾನು ಓದಿದ್ನಲ್ಲ ತಾತ?"

ತಾತ ಕೈಯನ್ನು ತೊಡೆಯ ಕೆಳಗಿನಿಂದ ತೆಗೆಯಲಿಲ್ಲ. ಅವಳು ಮೂಗನ್ನು ತೋಳಿಗೆ ಒರೆಸಿಕೊಂಡು, ಪೆನ್ಸಿಲು ಎತ್ತಿಕೊಂಡು, ಉಳಿದ ಅರ್ಧ ಸಾಲಿಗೆ ಬಗ್ಗಿದಳು.